ಅಪ್‌ಡೇಟ್ ಆದ ಮೇಲೆ ಫೋನ್ ಸ್ಲೋ ಆಯ್ತು: ಮೂರು ವಾರ ನಾನು ಮಾಡಿದ್ದೇನು?

ರಾತ್ರಿ ಅಪ್‌ಡೇಟ್‌ಗೆ ಒಪ್ಪಿಗೆ ಒತ್ತಿ ಮಲಗಿದ್ದೆ. ಬೆಳಿಗ್ಗೆ ಮೊದಲ ಕರೆ ಬಂತು. ರಿಂಗ್ ಕೇಳಿಸುತ್ತಿದೆ, ಪರದೆ ಮಾತ್ರ ಕಪ್ಪಗೇ ಇದೆ. ಹೆಸರು ಕಾಣಿಸಿ, ಹಸಿರು ಬಟನ್ ಬರುವಷ್ಟರಲ್ಲಿ ಆ ಕಡೆಯವರು ಕಟ್ ಮಾಡಿದ್ದರು. ಕ್ಯಾಮೆರಾ ಒತ್ತಿದರೆ ಆರು ಸೆಕೆಂಡು. ಮೆಸೇಜ್ ಬರೆಯೋಣ ಅಂದರೆ ಕೀಬೋರ್ಡ್ ಮೇಲೆ ಬರೋದಕ್ಕೇ ಮೂರು ಸೆಕೆಂಡು. ಹಿಂದಿನ ದಿನ ಚೆನ್ನಾಗಿದ್ದ ಫೋನ್ ಅದು.

ಅದೇ ವಾರ ಅಮ್ಮನ ಫೋನಿಗೂ ಅಪ್‌ಡೇಟ್ ಬಂತು. ಅದು ನಾನು ನಾಲ್ಕು ವರ್ಷ ಬಳಸಿ ಅವಳಿಗೆ ಕೊಟ್ಟ ಫೋನ್. ಅಮ್ಮ ಕರೆ ಮಾಡಿ, "ನಾನೇ ಏನೋ ತಪ್ಪು ಒತ್ತಿಬಿಟ್ಟೆ ಅನ್ಸುತ್ತೆ ಕಣೋ, ಫೋನ್ ಹಾಳಾಯ್ತು" ಅಂದಳು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಅವಳು ಒತ್ತಿದ್ದು ಕಂಪನಿ ಒತ್ತಿ ಅಂತ ಹೇಳಿದ ಬಟನ್ ಮಾತ್ರ. ಆದರೂ ತಪ್ಪು ತನ್ನದೇ ಅಂದುಕೊಂಡಳು. ಎಷ್ಟೋ ಜನ ಹೀಗೇ ಅಂದುಕೊಂಡು ಸುಮ್ನೆ ಸಹಿಸಿಕೊಳ್ತಾರೆ. ಎರಡೂ ಫೋನ್ ಸರಿ ಮಾಡಲೇಬೇಕು ಅಂತ ಕೂತಿದ್ದು ಆ ಮಾತಿನಿಂದಲೇ.

ಮೊದಲ ಎರಡು ದಿನ ನಾನು ಮಾಡಿದ್ದೆಲ್ಲ ತಪ್ಪು ಕೆಲಸ. ಗಂಟೆಗೊಮ್ಮೆ ರೀಸ್ಟಾರ್ಟ್ ಮಾಡಿದೆ. ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಪದೇ ಪದೇ ಸ್ವೈಪ್ ಮಾಡಿ ಮುಚ್ಚಿದೆ. ಹೀಗೆ ಮುಚ್ಚಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಮೆಮೊರಿಯಲ್ಲಿ ಸಿದ್ಧವಾಗಿ ಕೂತಿದ್ದ ಆ್ಯಪನ್ನು ಹೊರಗೆ ಹಾಕಿ, ಮತ್ತೆ ಮೊದಲಿಂದ ತೆರೆಯುವ ಕೆಲಸವನ್ನು ನಾವೇ ಫೋನಿಗೆ ಹಚ್ಚಿದ ಹಾಗೆ. ಫೋನ್ ಕ್ಲೀನ್ ಮಾಡ್ತೀವಿ ಅನ್ನುವ ಒಂದು ಆ್ಯಪನ್ನೂ ಹಾಕಿಕೊಂಡೆ. ಅದು ಜಾಹೀರಾತು ತೋರಿಸಿತು, ಬೇರೇನೂ ಮಾಡಲಿಲ್ಲ. ಸಂಜೆಗೇ ತೆಗೆದು ಹಾಕಿದೆ.

ಆಮೇಲೆ ಕೂತು ಯೋಚಿಸಿದೆ. ಅಪ್‌ಡೇಟ್ ಆದ ಮೇಲೆ ಫೋನಿನ ಒಳಗೆ ಏನು ನಡೆಯುತ್ತೆ? ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳು ನಾವು ಇಳಿಸಿಕೊಂಡ ರೂಪದಲ್ಲೇ ಓಡುವುದಿಲ್ಲ. ಫೋನ್ ಅವನ್ನು ತನ್ನ ಪ್ರೊಸೆಸರ್‌ಗೆ ಹೊಂದುವ ಕೋಡ್ ಆಗಿ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ಸಿಸ್ಟಮ್ಮಿನ ದೊಡ್ಡ ಆವೃತ್ತಿ ಬದಲಾದರೆ ಆ ಕೆಲಸ ಬಹುಪಾಲು ಮತ್ತೆ ಆಗಬೇಕು. 2014ರಲ್ಲಿ ಬಂದ ಆಂಡ್ರಾಯ್ಡ್ 5ರ ಕಾಲದಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು. ಅಪ್‌ಡೇಟ್ ಆಗಿ ಫೋನ್ ಆನ್ ಆಗುವಾಗ, ಇಷ್ಟು ಆ್ಯಪ್‌ಗಳಲ್ಲಿ ಇಷ್ಟನೆಯದು ಸಿದ್ಧವಾಗುತ್ತಿದೆ ಅಂತ ಎಣಿಕೆ ಓಡುತ್ತಿತ್ತು. ಬೇಸರ ಬರುವಷ್ಟು ಹೊತ್ತು ಕಾಯಬೇಕಿತ್ತು. 2016ರ ಆಂಡ್ರಾಯ್ಡ್ 7ರಿಂದ ಆ ಕಾಯುವಿಕೆ ತಪ್ಪಿತು. ಆದರೆ ಕೆಲಸ ತಪ್ಪಲಿಲ್ಲ, ಹಿಂದಕ್ಕೆ ಸರಿಯಿತು. ನಾವು ಯಾವ ಆ್ಯಪಿನ ಯಾವ ಭಾಗ ಹೆಚ್ಚು ಬಳಸುತ್ತೇವೆ ಅಂತ ಫೋನ್ ಗಮನಿಸುತ್ತದೆ. ಆಮೇಲೆ ಅದನ್ನು ಬಿಡುವಾದಾಗ ಸಿದ್ಧ ಮಾಡಿಕೊಳ್ಳುತ್ತದೆ. ಬಿಡುವು ಅಂದರೆ ಫೋನ್ ಯಾರೂ ಮುಟ್ಟದೆ ಸುಮ್ಮನಿರಬೇಕು, ಚಾರ್ಜ್‌ಗೂ ಹಾಕಿರಬೇಕು.

ಇಲ್ಲೇ ನನ್ನ ಎಡವಟ್ಟು ಗೊತ್ತಾಯಿತು. ನಾನು ಚಾರ್ಜ್ ಹಾಕೋದು ಹಗಲಲ್ಲಿ, ಕೆಲಸ ಮಾಡ್ತಾ ಮಾಡ್ತಾ. ಹತ್ತು ನಿಮಿಷಕ್ಕೊಮ್ಮೆ ಕೈಗೆ ತೆಗೆದುಕೊಳ್ತೀನಿ. ರಾತ್ರಿ ಚಾರ್ಜರ್ ಇಲ್ಲದೆ ಪಕ್ಕದಲ್ಲಿ ಇಟ್ಟು ಮಲಗ್ತೀನಿ. ಅಂದರೆ ಈ ಎರಡೂ ಒಟ್ಟಿಗೆ ಕೂಡಿ ಬರುವ ಹೊತ್ತೇ ನನ್ನ ಫೋನಿಗೆ ಸಿಗುತ್ತಿರಲಿಲ್ಲ. ಮೇಲಿಂದ ಮೇಲೆ ರೀಸ್ಟಾರ್ಟ್ ಬೇರೆ. ಐಫೋನ್ ಇರುವವರಿಗೂ ಈ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಅಲ್ಲಿ ಅಪ್‌ಡೇಟ್ ಆದ ಮೇಲೆ ಫೋಟೊಗಳು, ಹುಡುಕಾಟದ ಪಟ್ಟಿ ಎಲ್ಲ ಹಿನ್ನೆಲೆಯಲ್ಲಿ ಹೊಸದಾಗಿ ಸಿದ್ಧವಾಗುತ್ತವೆ. ಅಷ್ಟು ದಿನ ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ.

ಮೂರನೇ ರಾತ್ರಿ ಫೋನನ್ನು ಚಾರ್ಜ್‌ಗೆ, ವೈಫೈಗೆ ಹಾಕಿ, ಬೇರೆ ಕೋಣೆಯಲ್ಲಿಟ್ಟು ಮಲಗಿದೆ. ಮಲಗುವ ಮುಂಚೆ ಒಂದು ಕೆಲಸ ಮಾಡಿದೆ. ಇಡೀ ಮೂರು ವಾರದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಒಂದು ಹಾಳೆ ತೆಗೆದುಕೊಂಡು, ಇನ್ನೊಂದು ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದೆ. ಕ್ಯಾಮೆರಾ ತೆರೆಯಲು ಎಷ್ಟು ಸೆಕೆಂಡು, ಕೀಬೋರ್ಡ್ ಬರಲು ಎಷ್ಟು, ಗ್ಯಾಲರಿ ತೆರೆಯಲು ಎಷ್ಟು. ದಿನಾಂಕ ಹಾಕಿ ಬರೆದೆ. ಸ್ಲೋ ಅನ್ನೋದು ಮನಸ್ಸಿನ ಮಾತು. ಸಿಟ್ಟು ಬಂದಾಗ ಎಲ್ಲವೂ ಸ್ಲೋ ಅನಿಸುತ್ತೆ. ಅಳತೆ ಇಲ್ಲದಿದ್ದರೆ ಯಾವ ಮದ್ದು ಕೆಲಸ ಮಾಡ್ತು ಅಂತ ಗೊತ್ತೇ ಆಗಲ್ಲ.

ಬೆಳಿಗ್ಗೆ ಮತ್ತೆ ಅಳೆದೆ. ಕ್ಯಾಮೆರಾ ಆರರಿಂದ ಎರಡು ಸೆಕೆಂಡಿಗೆ ಇಳಿದಿತ್ತು. ಕೀಬೋರ್ಡ್ ಮಾತ್ರ ಮೂರೇ ಸೆಕೆಂಡು. ಗ್ಯಾಲರಿ ಸ್ವಲ್ಪವೇ ಸುಧಾರಿಸಿತ್ತು. ಆಗ ಅರ್ಥವಾಯಿತು. ಇದು ಒಂದು ಕಾಯಿಲೆ ಅಲ್ಲ. ಒಂದೇ ದಿನ ಶುರುವಾದವು ಅಂತ ನಾನು ಎಲ್ಲಕ್ಕೂ ಒಂದೇ ಹೆಸರು ಕೊಟ್ಟಿದ್ದೆ, ಅಷ್ಟೇ. ಒಂದೊಂದಕ್ಕೂ ಬೇರೆ ಬೇರೆ ಕಾರಣ ಇರಬಹುದು. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅಳತೆ, ಹೀಗೆ ಹೋಗೋಣ ಅಂತ ನಿರ್ಧರಿಸಿದೆ.

ಮೊದಲು ಗ್ಯಾಲರಿ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿದರೆ 128 ಜಿಬಿಯಲ್ಲಿ ಖಾಲಿ ಇದ್ದದ್ದು 5 ಜಿಬಿ. ಅಪ್‌ಡೇಟ್ ಇದ್ದಬದ್ದ ಜಾಗವನ್ನೂ ತಿಂದಿತ್ತು. ಫೋನಿನ ಫ್ಲ್ಯಾಶ್ ಮೆಮೊರಿ ಸ್ಲೇಟಿನ ಹಾಗಲ್ಲ. ಬರೆದ ಅಕ್ಷರದ ಮೇಲೆ ನೇರವಾಗಿ ಇನ್ನೊಂದು ಬರೆಯಲು ಬರುವುದಿಲ್ಲ. ಒಂದು ದೊಡ್ಡ ತುಂಡನ್ನು ಪೂರ್ತಿ ಅಳಿಸಿದ ಮೇಲೆಯೇ ಅಲ್ಲಿ ಹೊಸದು ಬರೆಯಬಹುದು. ಖಾಲಿ ಜಾಗ ಧಾರಾಳವಾಗಿದ್ದರೆ ಈ ಅಳಿಸುವ ಕೆಲಸ ಬಿಡುವಿನಲ್ಲಿ ನಡೆಯುತ್ತದೆ. ಜಾಗ ಇಲ್ಲದಿದ್ದರೆ ಪ್ರತಿ ಸಲ ಬರೆಯುವಾಗಲೂ ಇದ್ದದ್ದನ್ನು ಆಚೀಚೆ ಸರಿಸಿ, ಅಳಿಸಿ, ಬರೆಯಬೇಕು. ನಾವು ಕಾಯುವುದು ಆ ಹೊತ್ತನ್ನೇ.

ವಾಟ್ಸ್‌ಆ್ಯಪ್‌ನಲ್ಲಿ ಸ್ಟೋರೇಜ್ ನಿರ್ವಹಣೆ ಅನ್ನುವ ಕಡೆ ಹೋಗಿ, ದೊಡ್ಡ ವಿಡಿಯೊಗಳನ್ನು ಅಳಿಸಿದೆ. ಒಂದೇ ವಿಡಿಯೊ ನಾಲ್ಕು ಗುಂಪುಗಳಿಂದ ಬಂದು ಕೂತಿತ್ತು. ಹಳೆಯ ಡೌನ್‌ಲೋಡ್‌ಗಳು, ಯಾವತ್ತೋ ಇಳಿಸಿದ ಆಫ್‌ಲೈನ್ ಮ್ಯಾಪ್ ಹೋದವು. ಒಂದು ವಿಷಯ ನೆನಪಿಡಿ. ಗ್ಯಾಲರಿಯಲ್ಲಿ ಅಳಿಸಿದ ಫೋಟೊ ತಕ್ಷಣ ಜಾಗ ಬಿಡುವುದಿಲ್ಲ. ಗೂಗಲ್ ಫೋಟೋಸ್ ಆದರೆ ಬ್ಯಾಕಪ್ ಆದದ್ದು 60 ದಿನ, ಆಗದ್ದು 30 ದಿನ ಕಸದ ಬುಟ್ಟಿಯಲ್ಲೇ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಬೇಕು. ಖಾಲಿ ಮಾಡುವ ಮುಂಚೆ ಬೇಕಾದ ಫೋಟೊ ಇನ್ನೊಂದು ಕಡೆ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ನನಗೆ 24 ಜಿಬಿ ಸಿಕ್ಕಿತು. ಗ್ಯಾಲರಿ ಮೊದಲಿನಂತಾಯಿತು.

ಇದೇ ಹೊತ್ತಿನಲ್ಲಿ ವರ್ಚುವಲ್ ರ‍್ಯಾಮ್ ಅನ್ನುವ ಆಯ್ಕೆಯನ್ನೂ ಆಫ್ ಮಾಡಿ ಅಳೆದೆ. ರ‍್ಯಾಮ್ ಅಂದರೆ ಆ್ಯಪ್ ಓಡುವಾಗ ಬಳಸುವ ವೇಗದ ಮೆಮೊರಿ. ಈ ಆಯ್ಕೆ ಸ್ಟೋರೇಜಿನ ಒಂದು ಭಾಗವನ್ನು ಆ ರ‍್ಯಾಮ್ ತರಹ ಬಳಸುತ್ತದೆ. ಸ್ಟೋರೇಜ್ ನಿಜವಾದ ರ‍್ಯಾಮ್‌ಗಿಂತ ತುಂಬಾ ನಿಧಾನ. ನನ್ನ ಫೋನಿನಲ್ಲಿ ಆಫ್ ಮಾಡಿದ್ದರಿಂದ ತೊಂದರೆ ಏನೂ ಆಗಲಿಲ್ಲ, ಜಾಗ ಉಳಿಯಿತು.

ಕೀಬೋರ್ಡ್ ನನ್ನನ್ನು ಹೆಚ್ಚು ಕಾಡಿತು. ಅದು ತಾತ್ಕಾಲಿಕವಾಗಿ ಕೂಡಿಟ್ಟ ಡೇಟಾ, ಅಂದರೆ ಕ್ಯಾಶ್ ಅಳಿಸಿದೆ, ಕೀಬೋರ್ಡ್ ಬದಲಾಯಿಸಿದೆ, ಏನೂ ಆಗಲಿಲ್ಲ. ಕೊನೆಗೆ ಸೇಫ್ ಮೋಡ್‌ಗೆ ಹೋದೆ. ನನ್ನ ಫೋನಿನಲ್ಲಿ ಪವರ್ ಮೆನು ತೆರೆದು, ಪವರ್ ಆಫ್ ಅನ್ನುವುದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಅದರಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ಓಡುವುದಿಲ್ಲ, ಫೋನಿನ ಜೊತೆ ಬಂದವು ಮಾತ್ರ ಇರುತ್ತವೆ. ಅಲ್ಲಿ ಕೀಬೋರ್ಡ್ ಚಕ್ಕನೆ ಬಂತು! ಅಂದರೆ ತಪ್ಪು ಸಿಸ್ಟಮ್ಮಿನದಲ್ಲ, ನಾನು ಹಾಕಿಕೊಂಡ ಯಾವುದೋ ಆ್ಯಪಿನದು.

ತೊಂಬತ್ತು ಆ್ಯಪ್‌ಗಳಲ್ಲಿ ಯಾವುದು ಅಂತ ಹುಡುಕೋದು? ಎಲ್ಲಕ್ಕಿಂತ ಮೊದಲು ಆಕ್ಸೆಸಿಬಿಲಿಟಿ ಅನುಮತಿ ಪಡೆದವನ್ನು ನೋಡಿ ಅಂತ ನಾನು ಹೇಳ್ತೀನಿ. ಆ ಅನುಮತಿ ಇರುವ ಆ್ಯಪ್ ಪರದೆಯ ಮೇಲೆ ಆಗುವ ಬದಲಾವಣೆಗಳನ್ನು ಗಮನಿಸಬಲ್ಲದು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಆ್ಯಪ್‌ಗಳಿಗೆ ಅದು ಬೇಕೇ ಬೇಕು. ಆದರೆ ನನ್ನ ಪಟ್ಟಿಯಲ್ಲಿ ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಹಳೆಯ ಆ್ಯಪ್ ಒಂದಿತ್ತು. ಅದನ್ನು ಮಾಡಿದವರು ವರ್ಷಗಳಿಂದ ಅದರ ಕಡೆ ನೋಡಿರಲಿಲ್ಲ. ಹಳೆಯ ಸಿಸ್ಟಮ್ಮಿನಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿತ್ತು, ಹೊಸದರಲ್ಲಿ ಪ್ರತಿ ಸಲ ಅಡ್ಡ ಬರುತ್ತಿತ್ತು. ತೆಗೆದು ಹಾಕಿದೆ. ಕೀಬೋರ್ಡ್ ಒಂದು ಸೆಕೆಂಡಿಗಿಂತ ಮೊದಲೇ ಬರತೊಡಗಿತು. ಆ ಕೆಲಸ ಮಾಡುವ ಸೌಲಭ್ಯ ಈಗ ಫೋನಿನಲ್ಲೇ ಇದೆ, ಬೇರೆ ಆ್ಯಪ್ ಬೇಕಾಗಿಯೇ ಇರಲಿಲ್ಲ.

ಎರಡು ಆ್ಯಪ್‌ಗಳು ತಾವಾಗೇ ಮುಚ್ಚಿಕೊಳ್ಳುತ್ತಿದ್ದವು. ಅದಕ್ಕೆ ಮದ್ದು ಸುಲಭವಾಗಿ ಸಿಕ್ಕಿತು, ಹಳೆಯ ಘಟನೆಯೊಂದು ನೆನಪಿದ್ದದ್ದರಿಂದ. 2021ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎಂಬ ಘಟಕದ ದೋಷದಿಂದ ಜಗತ್ತಿನ ಎಷ್ಟೋ ಫೋನ್‌ಗಳಲ್ಲಿ ಆ್ಯಪ್‌ಗಳು ಹೀಗೇ ಮುಚ್ಚಿಕೊಂಡಿದ್ದವು. ಆ್ಯಪಿನ ಒಳಗೆ ವೆಬ್ ಪುಟ ತೋರಿಸುವುದು ಅದರ ಕೆಲಸ. ಗೂಗಲ್ ವೆಬ್‌ವ್ಯೂ ಮತ್ತು ಕ್ರೋಮ್‌ನ ಹೊಸ ಆವೃತ್ತಿ ಬಿಟ್ಟ ಮೇಲೆ ಸರಿಹೋಗಿತ್ತು. ನಾನೂ ಪ್ಲೇ ಸ್ಟೋರ್‌ಗೆ ಹೋಗಿ ಎರಡನ್ನೂ ಅಪ್‌ಡೇಟ್ ಮಾಡಿದೆ. ಮುಚ್ಚಿಕೊಳ್ಳುವುದು ನಿಂತಿತು.

ಉಳಿದದ್ದು ನಿಜವಾದ ಬಗ್, ಅಂದರೆ ಸಿಸ್ಟಮ್ಮಿನದೇ ದೋಷ. ಕರೆಯಲ್ಲಿ ಫೋನ್ ಕಿವಿಯಿಂದ ತೆಗೆದರೂ ಪರದೆ ಬೆಳಗುತ್ತಿರಲಿಲ್ಲ. ಕರೆ ಮುಗಿಸಲೂ ಆಗುತ್ತಿರಲಿಲ್ಲ. ಕಿವಿಯ ಹತ್ತಿರ ಇದೆಯೋ ಇಲ್ಲವೋ ಅಂತ ನೋಡುವ ಪ್ರಾಕ್ಸಿಮಿಟಿ ಸೆನ್ಸರ್‌ನ ತೊಂದರೆ ಅದು. ಸ್ಕ್ರೀನ್ ಗಾರ್ಡ್ ತೆಗೆದು ನೋಡಿದೆ. ಸೇಫ್ ಮೋಡ್‌ನಲ್ಲಿ ನೋಡಿದೆ. ಎರಡರಲ್ಲೂ ಅದೇ ಗೋಳು. ಹಾಗಾದರೆ ಇದು ಕಂಪನಿಯೇ ಸರಿ ಮಾಡಬೇಕಾದ ಕೆಲಸ.

ಮೊದಲ ಸಲ ಸಿಟ್ಟಿನಲ್ಲಿ ಬರೆದೆ, "ಅಪ್‌ಡೇಟ್ ಆದ ಮೇಲೆ ಫೋನ್ ಕೆಟ್ಟಿದೆ" ಅಂತ. ರೀಸ್ಟಾರ್ಟ್ ಮಾಡಿ ಅಂತ ಸಿದ್ಧ ಉತ್ತರ ಬಂತು. ಎರಡನೇ ಸಲ ಬಿಡಿಸಿ ಬರೆದೆ. ಫೋನಿನ ಮಾದರಿ, ಸಿಸ್ಟಮ್ಮಿನ ಆವೃತ್ತಿ ಯಾವುದು ಅಂತ ಹೇಳುವ ಬಿಲ್ಡ್ ನಂಬರ್, ಅಪ್‌ಡೇಟ್ ಆದ ದಿನ. ಏನು ಮಾಡಿದರೆ ತೊಂದರೆ ಬರುತ್ತೆ, ಹತ್ತು ಕರೆಗಳಲ್ಲಿ ಎಷ್ಟು ಸಲ ಬಂತು. ಸೇಫ್ ಮೋಡ್‌ನಲ್ಲೂ ಬರುತ್ತೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಿದೆ. ತೊಂದರೆ ಬಂದ ಕೂಡಲೇ ಫೀಡ್‌ಬ್ಯಾಕ್ ಆ್ಯಪಿನಿಂದ ಲಾಗ್, ಅಂದರೆ ಫೋನಿನ ಒಳಗೆ ಏನೇನು ನಡೆಯಿತು ಅನ್ನುವ ವಿವರ ದಾಖಲಿಸಿ ಜೊತೆಗಿಟ್ಟೆ. ಈ ಸಲ ಮನುಷ್ಯರೊಬ್ಬರ ಉತ್ತರ ಬಂತು, ಎರಡು ಪ್ರಶ್ನೆಗಳ ಜೊತೆ. ಮೂರನೇ ವಾರ ಬಂದ, ತಪ್ಪು ತಿದ್ದುವ ಸಣ್ಣ ಪ್ಯಾಚ್‌ನಲ್ಲಿ ಆ ಬಗ್ ಹೋಯಿತು.

ಈ ನಡುವೆ ಹಳೆಯ ಆವೃತ್ತಿಗೇ ವಾಪಸ್ ಹೋಗಿಬಿಡೋಣ ಅಂತ ಎಷ್ಟು ಸಲ ಅನಿಸಿತೋ. ಬೂಟ್‌ಲೋಡರ್ ಅಂದರೆ ಫೋನ್ ಆನ್ ಆಗುವಾಗ ಸಿಸ್ಟಮನ್ನು ಶುರು ಮಾಡುವ ಪ್ರೋಗ್ರಾಮ್. ಹಳೆಯದನ್ನು ಹಾಕಲು ಸಾಮಾನ್ಯವಾಗಿ ಅದರ ಬೀಗ ತೆಗೆಯಬೇಕು, ಹಾಗೆ ಅನ್‌ಲಾಕ್ ಮಾಡಿದರೆ ಫೋನಿನಲ್ಲಿರುವ ಎಲ್ಲವೂ ಅಳಿಸಿ ಹೋಗುತ್ತದೆ. ಹಿಂದಕ್ಕೆ ಹೋಗದಂತೆ ತಡೆಯುವ ರಕ್ಷಣೆ ಎಷ್ಟೋ ಫೋನ್‌ಗಳಲ್ಲಿ ಇದೆ. ಅನ್‌ಲಾಕ್ ಆದ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಓಡದೇ ಹೋಗಬಹುದು. ಬಿಟ್ಟುಬಿಟ್ಟೆ. ಫ್ಯಾಕ್ಟರಿ ರೀಸೆಟ್ ಕೂಡ ನನಗೆ ಬೇಕಾಗಲಿಲ್ಲ. ನಿಮಗೆ ಬೇಕೇ ಬೇಕು ಅನಿಸಿದರೆ, ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪನ್ನು ಮೊದಲು ಇನ್ನೊಂದು ಫೋನಿಗೆ ಸಾಗಿಸಿ. ಫೋಟೊಗಳನ್ನು ಎಲ್ಲರೂ ನೆನಪಿಟ್ಟುಕೊಳ್ತಾರೆ, ಅದನ್ನು ಮರೀತಾರೆ.

ಅಮ್ಮನ ಫೋನಿಗೆ ಇವು ಯಾವುವೂ ಹಿಡಿಯಲಿಲ್ಲ. ವಾರ ಕಳೆದರೂ ವಿಡಿಯೊ ಕಾಲ್ ಶುರುವಾಗಿ ಹತ್ತು ನಿಮಿಷಕ್ಕೆ ಫೋನ್ ಕೈ ಸುಡುವಷ್ಟು ಬಿಸಿ, ಆಮೇಲೆ ಚಿತ್ರ ನಿಂತು ನಿಂತು ಬರುವುದು. 20 ಪರ್ಸೆಂಟ್ ಇರುವಾಗಲೇ ಆಫ್ ಆಗಿಬಿಡುವುದು. "ಮೊದಲೂ ಆಫ್ ಆಗ್ತಿತ್ತೇನಮ್ಮ?" ಅಂತ ಕೇಳಿದೆ. "ಒಂದೊಂದ್ ಸಲ ಆಗ್ತಿತ್ತು, ನಿಂಗ್ಯಾಕೆ ಹೇಳೋದು ಅಂತ ಸುಮ್ನಿದ್ದೆ" ಅಂದಳು. ಅಲ್ಲಿಗೆ ವಿಷಯ ತಿಳಿಯಿತು. ಬ್ಯಾಟರಿ ಸವೆದಿತ್ತು. ಲಿಥಿಯಂ ಬ್ಯಾಟರಿ ಹಳತಾದ ಹಾಗೆ ಅದರ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ಶಕ್ತಿ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ, ಫೋನ್ ಆಫ್ ಆಗುತ್ತದೆ. ಬಿಸಿ ಜಾಸ್ತಿಯಾದರೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅಪ್‌ಡೇಟ್ ತಂದ ಹೆಚ್ಚಿನ ಕೆಲಸ, ಮುಚ್ಚಿದ್ದ ಈ ತೊಂದರೆಯನ್ನು ಹೊರಗೆ ಹಾಕಿತ್ತು.

ಬ್ಯಾಟರಿಗೂ ವೇಗಕ್ಕೂ ನಂಟು ಇರುವುದು ಜಗತ್ತಿಗೆಲ್ಲ ಗೊತ್ತಾದದ್ದು 2017ರಲ್ಲಿ. ಆ ವರ್ಷ ಜನವರಿಯಲ್ಲಿ ಬಂದ ಐಒಎಸ್ 10.2.1ರಿಂದ, ಸವೆದ ಬ್ಯಾಟರಿ ಇರುವ ಕೆಲವು ಐಫೋನ್‌ಗಳ ವೇಗವನ್ನು ಆಪಲ್ ಇಳಿಸಿತ್ತು. ಹಠಾತ್ತಾಗಿ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಅಂತ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. 2018ರ ಐಒಎಸ್ 11.3ರಲ್ಲಿ ಬ್ಯಾಟರಿಯ ಆರೋಗ್ಯ ನೋಡುವ ಅವಕಾಶ ಬಂತು. ಅಮ್ಮನದು ಬೇರೆ ಕಂಪನಿಯ ಫೋನ್, ಆದರೆ ಬ್ಯಾಟರಿಯ ಸ್ವಭಾವ ಎಲ್ಲ ಕಡೆ ಒಂದೇ. ಸರ್ವಿಸ್ ಸೆಂಟರ್‌ನಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಮೊದಲೇ ಬ್ಯಾಕಪ್ ಮಾಡಿಕೊಂಡು ಹೋಗಿದ್ದೆ. ಬಿಸಿ ಕಡಿಮೆಯಾಯಿತು, ಆಫ್ ಆಗುವುದು ನಿಂತಿತು.

ನನಗೆ ಈಗಲೂ ಸಿಟ್ಟಿರುವುದು ಒಂದೇ ವಿಷಯಕ್ಕೆ. ಅಪ್‌ಡೇಟ್ ಜೊತೆ ಬಂದ ವಿವರದಲ್ಲಿ "ಕಾರ್ಯಕ್ಷಮತೆ ಸುಧಾರಣೆ" ಅಂತ ಮಾತ್ರ ಇತ್ತು. ಮೊದಲ ಎರಡು ಮೂರು ದಿನ ನಿಧಾನ ಆಗಬಹುದು, ರಾತ್ರಿ ಚಾರ್ಜ್‌ಗೆ ಹಾಕಿಡಿ ಅಂತ ಒಂದು ಸಾಲು ಬರೆದಿದ್ದರೆ ಅಮ್ಮ ತನ್ನನ್ನು ತಾನೇ ಬೈದುಕೊಳ್ಳುತ್ತಿರಲಿಲ್ಲ.

"ಇನ್ಮೇಲೆ ಈ ಅಪ್‌ಡೇಟ್ ಸಹವಾಸವೇ ಬೇಡ ಕಣೋ" ಅಂತ ಅವಳು ಹಠ ಹಿಡಿದಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. 2015ರ ಆಗಸ್ಟ್‌ನಿಂದ ಆಂಡ್ರಾಯ್ಡ್‌ಗೆ ನಿಯಮಿತವಾಗಿ ಭದ್ರತಾ ಪ್ಯಾಚ್‌ಗಳು ಬರುತ್ತಿವೆ. ಕಳ್ಳರು ಒಳಗೆ ಬರುವ ದಾರಿ ಮುಚ್ಚುವುದು ಅವೇ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು. ಭದ್ರತಾ ಪ್ಯಾಚ್ ಆದರೆ ತಕ್ಷಣ ಹಾಕೋದು. ದೊಡ್ಡ ಆವೃತ್ತಿ ಆದರೆ ಮೊದಲ ತಪ್ಪುಗಳನ್ನು ತಿದ್ದುವ ಪ್ಯಾಚ್ ಬರುವ ತನಕ ಕಾಯೋದು. ಹಾಕುವ ದಿನ ಸ್ಟೋರೇಜ್ ನೋಡಿ, ಬ್ಯಾಕಪ್ ಮಾಡಿ, ಆ ರಾತ್ರಿ ಚಾರ್ಜರ್‌ನಿಂದ ತೆಗೆಯದೇ ಇರೋದು. ಹೋದ ತಿಂಗಳ ಪ್ಯಾಚನ್ನು ಅವಳೇ ಹಾಕಿಕೊಂಡಳು. ಹಾಕುವ ಮುಂಚೆ ವಿಡಿಯೊ ಕಾಲ್ ಶುರುವಾಗಲು ಎಷ್ಟು ಸೆಕೆಂಡು ಅಂತ ಗಡಿಯಾರ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ.