ಮೊದಲ ಪ್ರೆಸಿಂಗ್ ಎಲ್‌ಪಿ ಗುರುತಿಸುವುದು ಹೇಗೆ?

ಅಮೆರಿಕದ ಗಾಯಕ ಬಾಬ್ ಡೈಲನ್ ಅವರ ‘ಹೈವೇ 61 ರಿವಿಸಿಟೆಡ್’ ಎಲ್‌ಪಿ (ದೊಡ್ಡ ಗ್ರಾಮಫೋನ್ ರೆಕಾರ್ಡು) 1965ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಂತು. ಮೊದಮೊದಲು ಒತ್ತಿದ, ಅಂದರೆ ಮೊದಲ ಪ್ರೆಸಿಂಗ್‌ನ, ಕೆಲವು ಪ್ರತಿಗಳಲ್ಲಿ ‘ಫ್ರಮ್ ಎ ಬ್ಯೂಯಿಕ್ 6’ ಹಾಡಿನ ಬೇರೊಂದು ಟೇಕ್ (ಬೇರೆ ಸಲ ಹಾಡಿದ ಧ್ವನಿಮುದ್ರಣ) ಸೇರಿಕೊಂಡಿತ್ತು. ಅದು ಹಾರ್ಮೋನಿಕಾದಿಂದ ಶುರುವಾಗುತ್ತದೆ. ಆಮೇಲೆ ಅದನ್ನು ಬದಲಾಯಿಸಿದರು. ಕವರ್ ಮಾತ್ರ ಅದೇ, ಕ್ಯಾಟಲಾಗ್ ಸಂಖ್ಯೆಯೂ ಅದೇ. ಹಾಗಿದ್ದರೆ ಕೈಯಲ್ಲಿರುವ ಪ್ರತಿ ಯಾವುದೆಂದು ತಿಳಿಯುವುದು ಹೇಗೆ?

ಶುರುವಿಗೆ ಒಂದೇ ಆಲ್ಬಮ್ ಹಿಡಿಯಿರಿ. ಅದು ಯಾವ ದೇಶದಲ್ಲಿ ತಯಾರಾಯಿತೋ ಆ ದೇಶದ ಪ್ರತಿಯನ್ನೇ ಹುಡುಕಿ. ಮೂಲ ಟೇಪ್ ಇರುತ್ತಿದ್ದುದು ಅಲ್ಲಿ. ಹೊರದೇಶದ ಕಾರ್ಖಾನೆಗಳಿಗೆ ಸಾಮಾನ್ಯವಾಗಿ ಹೋಗುತ್ತಿದ್ದುದು ಟೇಪಿನ ನಕಲು. ಟೇಪಿನ ಸದ್ದನ್ನು ಗೆರೆಗಳಾಗಿ ಕತ್ತರಿಸಿದ ಮೂಲ ತಟ್ಟೆಗೆ ಲ್ಯಾಕರ್ ಎನ್ನುತ್ತಾರೆ, ರೆಕಾರ್ಡುಗಳ ಅಚ್ಚು ಅದರಿಂದ. ಟೇಪ್ ಹೊಸದಾಗಿದ್ದಾಗ ಕತ್ತರಿಸಿದ ಲ್ಯಾಕರ್‌ನಿಂದ ಬಂದ ರೆಕಾರ್ಡಿನಲ್ಲಿ ಗಿಟಾರಿನ ತಂತಿ ಮೀಟಿದ ಸದ್ದು ಎದುರಿಗೇ ಕೂತು ನುಡಿಸಿದಂತಿರುತ್ತದೆ. ನಾನು ಹಳೆಯ ಪ್ರೆಸಿಂಗ್‌ಗೆ ದುಡ್ಡು ಕೊಡುವುದು ಆ ಸದ್ದಿಗಾಗಿ.

ಮೊದಲು ಲೇಬಲ್, ಅಂದರೆ ರೆಕಾರ್ಡಿನ ನಡುವೆ ಅಂಟಿಸಿದ ದುಂಡು ಕಾಗದ ನೋಡಿ. ಡೈಲನ್, ಬರ್ಡ್ಸ್ ತಂಡ ಎರಡರದ್ದೂ ಕೊಲಂಬಿಯಾ ಕಂಪನಿ. ಅರವತ್ತರ ದಶಕದ ನಡುವಿನಿಂದ ಕೊನೆಯವರೆಗಿನ ಕೊಲಂಬಿಯಾ ಲೇಬಲ್ ಕೆಂಪು. ಎಡಕ್ಕೊಂದು ಬಲಕ್ಕೊಂದು ಕಣ್ಣಿನ ಚಿಹ್ನೆ. ಸ್ಟೀರಿಯೊ ಆದರೆ ಕೆಳಗೆ ‘360 ಸೌಂಡ್’ ಎಂಬ ಬರಹ. 1970ರಿಂದ ಕಂಪನಿಯ ಹೆಸರು ಲೇಬಲಿನ ಅಂಚಿನ ಸುತ್ತ ಬಂಗಾರದ ಬಣ್ಣದಲ್ಲಿ ಸಾಲಾಗಿ ಬರುತ್ತದೆ. ಅರವತ್ತರ ದಶಕದ ಆಲ್ಬಮ್ಮಿನಲ್ಲಿ ಹಾಗಿದ್ದರೆ ಅದು ಮರುಮುದ್ರಣ, ಮಾರುವವರು ಏನೇ ಹೇಳಲಿ. ಬ್ರಿಟನ್ನಿನ ಫೋಕ್ ರಾಕ್ (ಜಾನಪದ ಹಾಡು, ರಾಕ್ ಬೆರೆತ ಸಂಗೀತ) ಬೇಕಿದ್ದರೆ ಐಲ್ಯಾಂಡ್ ಕಂಪನಿಯ ಗುಲಾಬಿ ಲೇಬಲ್ ಹುಡುಕಿ. ಫೇರ್‌ಪೋರ್ಟ್ ಕನ್ವೆನ್ಷನ್‌ನ ‘ಲೀಜ್ ಅಂಡ್ ಲೀಫ್’, ನಿಕ್ ಡ್ರೇಕ್‌ನ ‘ಫೈವ್ ಲೀವ್ಸ್ ಲೆಫ್ಟ್’ ಎರಡೂ 1969ರವು, ಎರಡೂ ಗುಲಾಬಿ. 1970ರ ಕೊನೆಯಿಂದ ತಾಳೆಮರದ ಚಿತ್ರ ಬಂದು, ಗುಲಾಬಿ ಬಣ್ಣ ಅಂಚಿಗೆ ಸರಿಯಿತು. ಡ್ರೇಕ್ ಬದುಕಿದ್ದಾಗ ಅವನ ರೆಕಾರ್ಡುಗಳು ತೀರಾ ಕಡಿಮೆ ಮಾರಾಟವಾದವು, ಹಾಗಾಗಿ ಅವನ ಗುಲಾಬಿ ಲೇಬಲ್‌ಗೆ ಈಗ ವಿಪರೀತ ಬೆಲೆ.

ಆಮೇಲಿನದೇ ಮುಖ್ಯ ಕೆಲಸ. ಕೊನೆಯ ಹಾಡು ಮುಗಿದ ಮೇಲೆ ಲೇಬಲಿನವರೆಗೆ ನುಣುಪಾದ ಕಪ್ಪು ಪಟ್ಟಿ ಇರುತ್ತದಲ್ಲ, ಅದೇ ಡೆಡ್ ವ್ಯಾಕ್ಸ್. ರೆಕಾರ್ಡನ್ನು ಅಂಚಿನಲ್ಲಿ ಹಿಡಿದು, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನಿಧಾನಕ್ಕೆ ತಿರುಗಿಸಿ. ಮೊದಲು ಏನೂ ಕಾಣುವುದಿಲ್ಲ. ಒಂದು ಕೋನದಲ್ಲಿ ಅಕ್ಷರಗಳು ತಟ್ಟನೆ ಮಿನುಗುತ್ತವೆ. ಇದು ಮ್ಯಾಟ್ರಿಕ್ಸ್ ಸಂಖ್ಯೆ, ಆ ಬದಿ ಯಾವ ಲ್ಯಾಕರ್‌ನಿಂದ ಬಂತೆಂಬ ಗುರುತು. ಕೊಲಂಬಿಯಾದಲ್ಲಿ ‘ಎಕ್ಸ್‌ಎಲ್‌ಪಿ’ ಎಂದರೆ ಮೋನೋ, ‘ಎಕ್ಸ್‌ಎಸ್‌ಎಂ’ ಎಂದರೆ ಸ್ಟೀರಿಯೊ. ಕೊನೆಯಲ್ಲಿ ‘1ಎ’, ‘1ಬಿ’, ‘2ಸಿ’ ಎಂಬಂಥ ಗುರುತು. ಅಂಕಿ ಎಷ್ಟನೆಯ ಕಟ್ ಎಂಬುದನ್ನು, ಅಕ್ಷರ ಆ ಕಟ್‌ನ ಯಾವ ಲ್ಯಾಕರ್ ಎಂಬುದನ್ನು ಹೇಳುತ್ತದೆ. ಬೇರೆ ಬೇರೆ ಕಾರ್ಖಾನೆಗಳಿಗೆಂದು ಒಂದೇ ಹೊತ್ತಿಗೆ ಹಲವು ಲ್ಯಾಕರ್ ಮಾಡುತ್ತಿದ್ದರು, ಆದ್ದರಿಂದ ‘1ಎ’ ಇದೆಯೆಂದು ಹೆಚ್ಚು ಹಣ ಸುರಿಯಬೇಡಿ; ‘1ಸಿ’ ಕೂಡ ಅಷ್ಟೇ ಒಳ್ಳೆಯದು. ‘ಹೈವೇ 61’ರ ಮೊದಲ ಬದಿಯಲ್ಲಿ ಆ ಅಂಕಿ ಒಂದಾಗಿದ್ದರೆ, ನಾಲ್ಕನೇ ಹಾಡಿಗೆ ಮುಳ್ಳು ಇಳಿಸಿ ಹಾರ್ಮೋನಿಕಾ ಕೇಳುತ್ತದೆಯೇ ನೋಡಿ. ಸಿಕ್ಕ ಸಂಖ್ಯೆಯನ್ನು ರೆಕಾರ್ಡುಗಳ ವಿವರ ಕಲೆಹಾಕುವ ಡಿಸ್ಕಾಗ್ಸ್ ಜಾಲತಾಣದ ಪಟ್ಟಿಯೊಡನೆ ಅಕ್ಷರ ಅಕ್ಷರ ಹೋಲಿಸಿ.

ಕವರ್ ಕೊನೆಗೆ. 1966ರ ‘ಬ್ಲಾಂಡ್ ಆನ್ ಬ್ಲಾಂಡ್’ ಜೋಡಿ ಆಲ್ಬಮ್ಮಿನ ಒಳಪುಟದಲ್ಲಿ ನಟಿ ಕ್ಲಾಡಿಯಾ ಕಾರ್ಡಿನಾಲೆ ಅವರ ಫೋಟೊ ಇತ್ತು. ಅವರ ಒಪ್ಪಿಗೆ ಪಡೆದಿರಲಿಲ್ಲವಾದ್ದರಿಂದ 1968ರಲ್ಲಿ ತೆಗೆದರು. ಆ ಫೋಟೊ ಇದ್ದ ಕವರ್ ನೋಡಿದ್ದೇ ತಡ, ಸಂಭ್ರಮದಲ್ಲಿ ದುಡ್ಡು ಕಳಿಸಿಬಿಟ್ಟಿದ್ದೆ. ಪಾರ್ಸೆಲ್ ಬಿಚ್ಚಿದರೆ ಒಳಗಿದ್ದ ಎರಡೂ ರೆಕಾರ್ಡುಗಳ ಲೇಬಲಿನ ಸುತ್ತ ಬಂಗಾರದ ಅಕ್ಷರ! ಅರ್ಧ ಶತಮಾನದಲ್ಲಿ ಯಾರ ಮನೆಯಲ್ಲೋ ಕವರುಗಳು ಅದಲು ಬದಲಾಗಿರುತ್ತವೆ. ಎಲ್ಲ ಬದಿಗಳ ಲೇಬಲ್ ಮತ್ತು ಡೆಡ್ ವ್ಯಾಕ್ಸ್ ಫೋಟೊ ಬರುವ ತನಕ ಹಣ ಕಳಿಸಬೇಡಿ.

ರೆಕಾರ್ಡಿನ ಸ್ಥಿತಿಗೆ ಮಾರುವವರು ಗ್ರೇಡ್ ಕೊಡುತ್ತಾರೆ; ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್)ಗಿಂತ ಕೆಳಗಿನ ಗ್ರೇಡ್ ಆದರೆ ನುಡಿಸಿ ಕೇಳಿಸಲು ಹೇಳಿ, ಫೋಕ್ ರಾಕ್‌ನಲ್ಲಿ ಮೆಲುದನಿಯ ಜಾಗಗಳು ಹೆಚ್ಚು, ಗೀರಿನ ಚಟಪಟ ಅಲ್ಲೇ ಕೇಳುವುದು. ರೆಕಾರ್ಡನ್ನು ಕವರಿನಿಂದ ಹೊರತೆಗೆದು, ಪಕ್ಕಕ್ಕಿಟ್ಟು ಪ್ಯಾಕ್ ಮಾಡುವಂತೆ ತಿಳಿಸಿ. ಇಲ್ಲದಿದ್ದರೆ ದಾರಿಯ ಕುಲುಕಾಟಕ್ಕೆ ಕವರಿನ ಅಂಚು ಸೀಳುತ್ತದೆ. ಬಂದ ಮೇಲೆ ನೆಟ್ಟಗೆ ನಿಲ್ಲಿಸಿಡಿ. ಕರಾವಳಿ, ಮಲೆನಾಡಿನವರಾದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಬೂಷ್ಟು ಹಿಡಿದಿದೆಯೇ ನೋಡುತ್ತಿರಿ.