ಔಷಧ ಕಂಪನಿಯ ಷೇರು: ಲಾಭ ಯಾವ ಮಾತ್ರೆಯದು, ಎಲ್ಲಿಯವರೆಗೆ?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ನಿವೃತ್ತಿಯ ಹಣದಲ್ಲಿ ಎರಡು ಲಕ್ಷವನ್ನು ದೊಡ್ಡ ಔಷಧ ಕಂಪನಿಯೊಂದರ ಷೇರಿಗೆ ಹಾಕಿದರು. ‘ಕಾಯಿಲೆಗಳೇನೂ ನಿಲ್ಲುವುದಿಲ್ಲ, ಪಿ.ಇ. ಕೂಡ ಬರೀ ಹನ್ನೆರಡು’ ಎಂಬುದು ಅವರ ಲೆಕ್ಕ. ಪಿ.ಇ. ಎಂದರೆ ಷೇರಿನ ಬೆಲೆ ಪ್ರತಿ ಷೇರಿನ ಗಳಿಕೆಯ ಎಷ್ಟು ಪಟ್ಟು ಎಂಬ ಅಳತೆ. ವರ್ಷ ತುಂಬುವುದರೊಳಗೆ ಕಂಪನಿಯ ಲಾಭ ಅರ್ಧಕ್ಕಿಳಿಯಿತು. ಲಾಭ ಯಾವ ಮಾತ್ರೆಯಿಂದ ಬರುತ್ತಿದೆ ಎಂದು ನೋಡದೆ ಕೊಳ್ಳುವ ಇದೇ ತಪ್ಪನ್ನು ನಾಲ್ಕೈದು ಮನೆಗಳಲ್ಲಿ ಕಂಡಿದ್ದೇನೆ.

ಮೊದಲು ಮೂರು ವರ್ಷಗಳ ವಾರ್ಷಿಕ ವರದಿ ಮತ್ತು ಕಳೆದ ನಾಲ್ಕು ತ್ರೈಮಾಸಿಕಗಳ ಕಾನ್ಫರೆನ್ಸ್ ಕಾಲ್ (ಫಲಿತಾಂಶದ ಬಗ್ಗೆ ವಿಶ್ಲೇಷಕರೊಂದಿಗೆ ಕಂಪನಿ ನಡೆಸುವ ಮಾತುಕತೆ) ಪ್ರತಿಗಳನ್ನು ಇಳಿಸಿಕೊಳ್ಳಿ. ಮುಂಬೈ ಷೇರುಪೇಟೆ ಬಿಎಸ್‌ಇಯ ಜಾಲತಾಣದಲ್ಲಿ ಎಲ್ಲವೂ ಉಚಿತ. ದುಡ್ಡು ಪಡೆದು ಟಿಪ್ಸ್ ಕೊಡುವ ಟೆಲಿಗ್ರಾಂ ಗುಂಪಿನಲ್ಲಿದ್ದರೆ ಇಂದೇ ಹೊರಬನ್ನಿ.

ಎರಡನೆಯದು, ಮಾರಾಟದಲ್ಲಿ ಭಾರತದ ಪಾಲೆಷ್ಟು, ಅಮೆರಿಕದ್ದೆಷ್ಟು ಎಂದು ಬರೆದುಕೊಳ್ಳಿ. ಇಲ್ಲಿ ವೈದ್ಯರು ಬ್ರ್ಯಾಂಡ್ ಹೆಸರನ್ನೇ ಬರೆಯುವುದರಿಂದ ಬಿಪಿ, ಮಧುಮೇಹದ ಮಾತ್ರೆಗಳ ಆದಾಯ ಸ್ಥಿರ. ಅಮೆರಿಕದಲ್ಲಿ ಜೆನೆರಿಕ್ ಔಷಧಕ್ಕೆ, ಅಂದರೆ ಮೂಲ ಬ್ರ್ಯಾಂಡ್ ಔಷಧದ ಅಗ್ಗದ ಪ್ರತಿರೂಪಕ್ಕೆ, ಪೈಪೋಟಿ ಹೆಚ್ಚಿದಂತೆ ಬೆಲೆ ಕುಸಿಯುತ್ತದೆ.

ಎಡವುವುದು ಮೂರನೆಯ ಹೆಜ್ಜೆಯಲ್ಲಿ. ಲಾಭದಲ್ಲಿ ಒಂದೇ ಔಷಧದ ಪಾಲೆಷ್ಟು? ಷೇರಿನ ಬೆಲೆ 1,000 ರೂಪಾಯಿ, ಪ್ರತಿ ಷೇರಿನ ಗಳಿಕೆ 80 ಎಂದಿಟ್ಟುಕೊಳ್ಳಿ. ಪಿ.ಇ. 12.5, ಅಗ್ಗವೆನಿಸುತ್ತದೆ. ಆ 80ರಲ್ಲಿ 40 ಒಂದೇ ಔಷಧದಿಂದ ಬಂದು, ಹೆಚ್ಚು ಪೈಪೋಟಿಯಿಲ್ಲದೆ ಅದನ್ನು ಮಾರುವ ಅವಧಿ ಮುಂದಿನ ವರ್ಷ ಮುಗಿಯುವುದಾದರೆ ನೀವು ಕೊಡುತ್ತಿರುವುದು ಉಳಿದ 40ರ 25 ಪಟ್ಟು. ನಾಲೆ ತುಂಬಿ ಹರಿದ ಒಂದು ವರ್ಷದ ಇಳುವರಿ ನೋಡಿ ಮಂಡ್ಯದಲ್ಲಿ ಯಾರೂ ಗದ್ದೆಗೆ ಬೆಲೆ ಕಟ್ಟುವುದಿಲ್ಲ.

ರಕ್ತದ ಕ್ಯಾನ್ಸರಿಗೆ ಕೊಡುವ ರೆವ್ಲಿಮಿಡ್‌ನ ಜೆನೆರಿಕ್ ಇದಕ್ಕೆ ಉದಾಹರಣೆ. ಪೇಟೆಂಟ್ ಒಪ್ಪಂದದ ಪ್ರಕಾರ ಕೆಲವು ಭಾರತೀಯ ಕಂಪನಿಗಳು 2022ರಿಂದ ಅದನ್ನು ಅಮೆರಿಕದಲ್ಲಿ ಮಿತ ಪ್ರಮಾಣದಲ್ಲಿ ಮಾರಿ ಭಾರಿ ಲಾಭ ಕಂಡವು. ಆ ಮಿತಿಗೆ 2026ರ ಜನವರಿ 31 ಕೊನೆ, ಬಳಿಕ ಪೈಪೋಟಿ ಹೆಚ್ಚಿ ಬೆಲೆ ಕುಸಿಯುತ್ತದೆ ಎಂಬುದು ವರ್ಷಗಳ ಮೊದಲೇ ಗೊತ್ತಿತ್ತು. ವಿದೇಶಿ ದೈತ್ಯರ ಕಥೆಯೂ ಅದೇ: ಕೋವಿಡ್ ಲಸಿಕೆ, ಮಾತ್ರೆಗಳ ಬೇಡಿಕೆ ಇಳಿದಾಗ ಫೈಜರ್ ಆದಾಯ 2022ರ ಸುಮಾರು 10,000 ಕೋಟಿ ಡಾಲರಿನಿಂದ ಮರುವರ್ಷ 5,850 ಕೋಟಿಗೆ ಬಿತ್ತು.

ಒಂದೊಂದು ಔಷಧದ ಲೆಕ್ಕವನ್ನು ಕಂಪನಿಗಳು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಕಾನ್ಫರೆನ್ಸ್ ಕಾಲ್ ಪ್ರತಿಯಲ್ಲಿ ಪ್ರಶ್ನೋತ್ತರದ ಪುಟಗಳಿಗೆ ಹೋಗಿ. ‘ಆ ಔಷಧವನ್ನು ಬಿಟ್ಟರೆ ಲಾಭದ ಪ್ರಮಾಣ (ಮಾರ್ಜಿನ್) ಎಷ್ಟು?’ ಎಂದು ವಿಶ್ಲೇಷಕರು ಕೇಳಿರುತ್ತಾರೆ. ನಾನು ಅಂಥ ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನಾಲ್ಕೂ ತ್ರೈಮಾಸಿಕಗಳ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ಓದುತ್ತೇನೆ. ಉತ್ತರ ಪ್ರತಿ ಸಲ ಜಾರಿಕೊಂಡರೆ ಆ ಷೇರನ್ನು ಬಿಟ್ಟುಬಿಡಿ.

ನಾಲ್ಕನೆಯದು ಕಾರ್ಖಾನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಪಾಸಣೆಯ ಬಳಿಕ ‘ಫಾರ್ಮ್ 483’ ಬಂತೆಂಬ ಸುದ್ದಿಗೇ ಜನ ಗಾಬರಿಯಿಂದ ಮಾರುತ್ತಾರೆ. ಅದು ತಪಾಸಕರ ಆಕ್ಷೇಪಗಳ ಪಟ್ಟಿಯಷ್ಟೆ, ಉತ್ತರಿಸಲು 15 ಕೆಲಸದ ದಿನಗಳಿರುತ್ತವೆ. ಎಚ್ಚರಿಕೆ ಪತ್ರ ಬಂದರೆ ಆ ಘಟಕದ ಹೊಸ ಔಷಧಗಳಿಗೆ ಅನುಮೋದನೆ ತಡೆಯಬಹುದು. ಆಮದು ನಿರ್ಬಂಧ ಬಿದ್ದರೆ ಸರಕೇ ನಿಲ್ಲುತ್ತದೆ. ಅಮೆರಿಕದ ಮಾರಾಟದಲ್ಲಿ ಆ ಘಟಕದ ಪಾಲೆಷ್ಟು ಎಂದು ಹುಡುಕಿ.

ಸಾಲ ಮತ್ತು ನಗದು ಹರಿವನ್ನು ಎಂದಿನಂತೆ ನೋಡಿ.

ಕೊಳ್ಳುವುದಾದರೆ ಒಂದೇ ಸಲಕ್ಕೆ ಬೇಡ, ಮೂರು ಕಂತಿನಲ್ಲಿ ಕೊಳ್ಳಿ. ತ್ರೈಮಾಸಿಕ ಫಲಿತಾಂಶ 45 ದಿನಗಳೊಳಗೆ, ವರ್ಷದ ಫಲಿತಾಂಶ 60 ದಿನಗಳೊಳಗೆ ಬರುತ್ತದೆ. ಅದನ್ನು ಓದಿದ ನಂತರವೇ ಮುಂದಿನ ಕಂತು ಹಾಕಿ.