ಹಳೇ ಬೋಟ್ ಮೋಟರ್ ವೈರಿಂಗ್: ಜೀಪಿನ ಬುದ್ಧಿ ಇಲ್ಲಿ ನಡೆಯಲ್ಲ

ಜೀಪ್ ವೈರಿಂಗ್ ಚೆನ್ನಾಗಿ ಗೊತ್ತಿರುವವರೇ ದೋಣಿಯ ಹಿಂದೆ ಸಿಕ್ಕಿಸುವ ಹಳೇ ಪೆಟ್ರೋಲ್ ಬೋಟ್ ಮೋಟರನ್ನು ಜಾಸ್ತಿ ಕೆಡಿಸುವುದು. ಸುಂಟಿಕೊಪ್ಪ ಕಡೆಯ ತೋಟದ ಶೆಡ್‌ಗಳಲ್ಲಿ ಇದನ್ನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಒಂದೇ ತಪ್ಪು. ಸ್ಟಾಪ್ ಸ್ವಿಚ್ಚಿನ ವೈರಿಗೆ ಬ್ಯಾಟರಿಯ 12 ವೋಲ್ಟ್ ಕೊಟ್ಟಿದ್ದರು.

ಪೆಟ್ರೋಲ್ ಜೀಪಿನಲ್ಲಿ ಕೀ ತಿರುಗಿಸಿದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೇ ಮೋಟರಿನಲ್ಲಿ ಇದು ಉಲ್ಟಾ. ಫ್ಲೈವೀಲ್ ಅನ್ನುವ ಭಾರದ ಚಕ್ರದ ಮ್ಯಾಗ್ನೆಟ್ ತಿರುಗಿದಾಗ ಅಲ್ಲೇ ಕರೆಂಟ್ ಹುಟ್ಟುತ್ತದೆ (ಇದೇ ಮ್ಯಾಗ್ನೆಟೋ), ಕಿಡಿಗೆ ಬ್ಯಾಟರಿ ಬೇಕಿಲ್ಲ. ಸ್ಟಾಪ್ ಒತ್ತಿದರೆ ಆ ಕರೆಂಟ್ ಮೋಟರಿನ ಲೋಹದ ಬಾಡಿಗೆ ಇಳಿದು ಕಿಡಿ ನಿಲ್ಲುತ್ತದೆ. ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಇದೆಯಲ್ವಾ, ಅದರ ಸ್ವಿಚ್ಚೂ ಹೀಗೇ.

ಮೊದಲು ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪ್ರತಿ ವೈರಿಗೂ ಚೀಟಿ ಕಟ್ಟಿ. ಬಣ್ಣ ನೋಡಿ ನಂಬಬೇಡಿ, ನಿಮಗಿಂತ ಮುಂಚೆ ಯಾರೋ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ.

ಈಗ ಸ್ಟಾಪ್ ವೈರನ್ನು ಮ್ಯಾಗ್ನೆಟೋ ಕಡೆಯಲ್ಲಿ ಬಿಚ್ಚಿ. ಪ್ಲಗ್ ತೆಗೆದು, ಕ್ಯಾಪ್ ಸಿಕ್ಕಿಸಿ, ಪ್ಲಗ್ಗಿನ ಲೋಹ ಬಾಡಿಗೆ ತಾಗುವಂತೆ ಹಿಡಿದು ಹಗ್ಗ ಎಳೆಯಿರಿ. ಅಕ್ಕಪಕ್ಕ ಪೆಟ್ರೋಲ್ ಇರಬಾರದು. ಕಿಡಿ ಬಂತಾ? ಹಾಗಾದರೆ ತೊಂದರೆ ಸ್ವಿಚ್ ಕಡೆಯದ್ದು. ಬಿಚ್ಚಿದ ಆ ತುದಿಗೂ ಬಾಡಿಗೂ ಬೀಪ್ ಸೆಟ್ಟಿಂಗಿನಲ್ಲಿಟ್ಟ ಮಲ್ಟಿಮೀಟರ್ ಹಿಡಿದು ವೈರನ್ನು ಉದ್ದಕ್ಕೂ ಅಲ್ಲಾಡಿಸುತ್ತಾ ಹೋಗಿ. ಸ್ಟಾಪ್ ಒತ್ತಿದಾಗ ಮಾತ್ರ ಬೀಪ್ ಬರಬೇಕು. ಸುಮ್ನೆ ಅಲ್ಲಾಡಿಸಿದ್ದಕ್ಕೇ ಬೀಪ್ ಅಂದರೆ ಅಲ್ಲೇ ಇಲಿ ಕಡಿದಿದೆ, ಇಲ್ಲವೇ ತಗಡಿನ ಅಂಚಿಗೆ ಉಜ್ಜಿ ವೈರ್ ಸಿಪ್ಪೆ ಹೋಗಿದೆ.

ಕಿಡಿ ಬರಲಿಲ್ಲವೆಂದರೆ ಫ್ಲೈವೀಲ್ ಎತ್ತಬೇಕು. ಪುಲ್ಲರ್ (ಚಕ್ರ ಎಳೆದು ತೆಗೆಯುವ ಸಾಧನ) ಹಾಕಿಯೇ ಎತ್ತಿ. ಸುತ್ತಿಗೆ ಏಟಿಗೆ ಮ್ಯಾಗ್ನೆಟ್ ಒಡೆದರೆ ಕೆಲಸ ಅಲ್ಲಿಗೇ ಮುಗಿಯಿತು. ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಒಳಗಿನ ಅರ್ಧಚಂದ್ರದ ಕೀ ಕೆಳಗೆ ಬಿದ್ದೀತು, ಹುಷಾರು. ಕೊಡಗಿನ ಮಳೆಗಾಲ ಹತ್ತಿಪ್ಪತ್ತು ಕಂಡ ವೈರನ್ನು ಬಗ್ಗಿಸಿ ನೋಡಿ, ಒಣಗಿದ ಹಪ್ಪಳದ ಹಾಗೆ ಮುರಿಯುತ್ತದೆ. ಅದಷ್ಟನ್ನೂ ಬದಲಿಸಿ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಒರೆಸಿ ಗ್ಯಾಪ್ ಇಡಿ. ಹಳೇ ಜಾನ್ಸನ್, ಎವಿನ್‌ರೂಡ್ ಕಂಪನಿ ಮೋಟರುಗಳಲ್ಲಿ ಸಾಮಾನ್ಯವಾಗಿ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್.

ಹೊಸ ವೈರ್ ತವರ ಲೇಪಿಸಿದ, ಎಳೆ ಎಳೆಯಾದ ತಾಮ್ರದ್ದೇ ಆಗಲಿ. ಮನೆ ವೈರಿಂಗಿನ ಗಟ್ಟಿ ವೈರ್ ನಡುಕಕ್ಕೆ ತುಂಡಾಗುತ್ತದೆ. ಜಾಯಿಂಟಿಗೆ ನಾನು ಬೆಸುಗೆ ಹಾಕುವುದಿಲ್ಲ. ಕ್ರಿಂಪ್ ಮಾಡಿ (ಲೋಹದ ತುಣುಕನ್ನು ಒತ್ತಿ ಬಿಗಿಸಿ), ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ತೂರಿಸಿ ಬಿಸಿ ಮಾಡುತ್ತೇನೆ. ಕಪ್ಪು ಟೇಪನ್ನಂತೂ ಹತ್ತಿರಕ್ಕೇ ತರಬೇಡಿ. ಒಂದು ಮಳೆಗಾಲ ಕಳೆದರೆ ಅದು ಬೆಲ್ಲದ ಪಾಕ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಪಾಯಿಂಟ್, ಕಾಯಿಲ್ ಕೂತಿರುವ ಪ್ಲೇಟ್ ಬಹಳಷ್ಟು ಹಳೇ ಮೋಟರುಗಳಲ್ಲಿ ಆಕ್ಸಿಲರೇಟರ್ ಜೊತೆ ತಿರುಗುತ್ತದೆ. ನಾನೊಮ್ಮೆ ಅಚ್ಚುಕಟ್ಟಾಗಿರಲಿ ಅಂತ ವೈರನ್ನು ಬಿಗಿಯಾಗಿ ಕಟ್ಟಿದ್ದೆ. ಸ್ಲೋನಲ್ಲಿ ಸೊಗಸಾಗಿ ಓಡಿತು. ಕೆರೆಯ ನಡುವೆ ಸ್ಪೀಡ್ ಏರಿಸಿದ್ದೇ ತಡ, ವೈರ್ ಜಗ್ಗಿ ಕಿತ್ತು ಬಂತು. ದಡಕ್ಕೆ ಹುಟ್ಟು ಹಾಕಿಕೊಂಡು ಬಂದೆ. ಹಾಗಾಗಿ ಫ್ಲೈವೀಲ್ ಕೂರಿಸುವ ಮುಂಚೆ ಆಕ್ಸಿಲರೇಟರನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿ ನೋಡಿ. ವೈರ್ ಎಲ್ಲೂ ಬಿಗಿಯಾಗಬಾರದು. ಉಬ್ಬಿ ಫ್ಲೈವೀಲಿಗೂ ತಾಗಬಾರದು.

ಅರ್ಧಚಂದ್ರದ ಕೀ, ಫ್ಲೈವೀಲ್ ಕೂರಿಸಿ, ನಟ್ ಬಿಗಿ ಮಾಡಿ, ಸ್ಟಾಪ್ ವೈರ್ ಜೋಡಿಸಿ. ಲೈಟಿಗೋ ಹಾರ್ನಿಗೋ ಬ್ಯಾಟರಿ ಬೇಕಿದ್ದರೆ ಅದರ ವೈರಿಂಗ್ ಬೇರೆಯೇ ಇರಲಿ.

ಸ್ಟಾರ್ಟ್ ಮಾಡುವಾಗ ಮೋಟರಿನ ಕಾಲು ನೀರು ತುಂಬಿದ ಡ್ರಮ್ಮಿನಲ್ಲಿರಲಿ. ನೀರಿಲ್ಲದೆ ಓಡಿಸಿದರೆ ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ (ರೆಕ್ಕೆ ಚಕ್ರ) ಸ್ವಲ್ಪ ಹೊತ್ತಿಗೇ ಸುಡುತ್ತದೆ. ಆಮೇಲೆ ಮೋಟರಿನ ಕೆಳಭಾಗವನ್ನೂ ಬಿಚ್ಚುತ್ತಾ ಕೂರಬೇಕು.